ಮಂಡಿಸದ ತಿದ್ದುಪಡಿ

ನಮ್ಮಣ್ಣನನ್ನು ಬೀದಿಯವರು ಮೈಕಣ್ಣ ಎಂದು ಕರೆಯುತ್ತಿದ್ದರು. ಮೂರು ಸಲ ಗೆದ್ದು ಸದನಕ್ಕೆ ಹೋದವನು. ಮೈಕು ಕೆಟ್ಟರೂ ಹಿಂದಿನ ಸಾಲಿಗೆ ಕೇಳಿಸುವ ಗಂಟಲು. ಅವನ ಕಚೇರಿ ನೋಡಿಕೊಂಡವಳು ನಾನು, ತಂಗಿ. ಬಂದವರ ಅರ್ಜಿ ಬರೆದುಕೊಳ್ಳುವುದು, ಭಾಷಣ ಟೈಪ್ ಮಾಡುವುದು, ಉದ್ದವಾದದ್ದನ್ನು ಕತ್ತರಿಸುವುದು ಎಲ್ಲ ನನ್ನ ತಲೆಗೇ. ಕತ್ತರಿಸುವುದರಲ್ಲಿ ನನ್ನ ಕೈ ಒಂಚೂರು ಹೆಚ್ಚೇ ಓಡುತ್ತಿತ್ತು.

ಈ ಸಲ ಅವನು ಚುನಾವಣೆಗೆ ನಿಲ್ಲಲಿಲ್ಲ. ಹೋದ ತಿಂಗಳು ಸದನದ ಕಾರ್ಯಾಲಯದಿಂದ ಒಂದು ದಪ್ಪ ಲಕೋಟೆ ಬಂತು. ಭದ್ರತೆ ಮತ್ತು ಆಡಳಿತದ ಚರ್ಚೆಗಳಲ್ಲಿ ಅವನು ಆಡಿದ್ದನ್ನೆಲ್ಲ ಪುಸ್ತಕ ಮಾಡುತ್ತಾರಂತೆ. ಕರಡು ಓದಿ, ಸಹಿ ಹಾಕಿ ಕಳಿಸಬೇಕು. ಬೇಡವಾದದ್ದನ್ನು ಬಿಡಬಹುದು, ಹೊಸದು ಸೇರಿಸುವಂತಿಲ್ಲ.

ಅಣ್ಣ ಮೂರು ದಿನ ಅದರಲ್ಲೇ ಮುಳುಗಿದ.

"ಠಾಣೆಗಳ ಬಗ್ಗೆ ಮಾತಾಡಿದ್ದು ನೋಡೇ ಇಲ್ಲಿ. ಎಷ್ಟು ಚೆನ್ನಾಗಿ ಹೇಳಿದೀನಿ!"

"ಬರೆದವಳು ನಾನು."

"ಬೈಸಿಕೊಂಡವನು ನಾನಲ್ವಾ?"

ನಾಲ್ಕನೆಯ ದಿನ ನಗು ನಿಂತಿತು. ಒಂದು ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದ. "ಇದನ್ನ ತೆಗೆದುಬಿಡೋಣ. ಒಂದು ಸಾಲು ತಾನೇ, ಯಾರಿಗೆ ಬೇಕು?"

ಭದ್ರತಾ ಮಸೂದೆಯ ಕೊನೆಯ ದಿನದ ದಾಖಲೆ. ಹನ್ನೊಂದನೆಯ ತಿದ್ದುಪಡಿ: ಯಾರನ್ನಾದರೂ ಹಿಡಿದರೆ ಅವರ ಮನೆಯವರಿಗೆ ಒಂದು ದಿನದೊಳಗೆ ತಿಳಿಸತಕ್ಕದ್ದು. ಅದರ ಕೆಳಗೆ, ಮಂಡಿಸುತ್ತೀರಾ ಎಂದು ಸಭಾಧ್ಯಕ್ಷರ ಪ್ರಶ್ನೆ. ಅದರ ಕೆಳಗೆ ಅಣ್ಣನ ಉತ್ತರ: "ಇಲ್ಲ, ಮಾನ್ಯರೇ."

ಸದನದಲ್ಲಿ ತಿದ್ದುಪಡಿ ಬರೆದುಕೊಟ್ಟರೆ ಸಾಲದು. ಸರದಿ ಬಂದಾಗ ಎದ್ದು ನಿಂತು 'ಮಂಡಿಸುತ್ತೇನೆ' ಎನ್ನಬೇಕು. ಹಾಗೆಂದರೆ ಮಂತ್ರಿ ಉತ್ತರ ಕೊಡಬೇಕು, ಗಂಟೆ ಬಾರಿಸಬೇಕು, ತಲೆ ಎಣಿಸಬೇಕು. ಅನ್ನದಿದ್ದರೆ ಆ ಕಾಗದಕ್ಕೆ ಜೀವವಿಲ್ಲ.

ಅವತ್ತು ಅಧಿವೇಶನದ ಕೊನೆಯ ಸಂಜೆ. ಎಲ್ಲರ ಕಣ್ಣೂ ಬಾಗಿಲ ಮೇಲೆ. ನಾನು ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದೆ. ಏಳು ಹತ್ತಕ್ಕೆ ನಮ್ಮ ರೈಲು, ಮರುದಿನ ಬೆಳಿಗ್ಗೆ ಊರಿನಲ್ಲಿ ಹೊಸ ಬಸ್ ನಿಲ್ದಾಣದ ಉದ್ಘಾಟನೆ. ಅದಕ್ಕಾಗಿ ಅಣ್ಣ ನಾಲ್ಕು ವರ್ಷ ಓಡಾಡಿದ್ದ. ಒಂದು ಚೀಟಿ ಬರೆದು ಅಟೆಂಡರ್ ಕೈಯಲ್ಲಿ ಕಳಿಸಿದೆ: 'ಹೇಗೂ ಬಿದ್ದುಹೋಗುತ್ತೆ. ರೈಲು ತಪ್ಪುತ್ತೆ. ಬಿಡು.' ಅಣ್ಣ ಓದಿದ, ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದ. ಸರದಿ ಬಂದಾಗ ಇಲ್ಲ ಎಂದ.

ಎರಡು ತಿಂಗಳ ಮೇಲೆ ಕ್ಯಾಂಟೀನಿನಲ್ಲಿ ಮಂತ್ರಿಯ ಕಚೇರಿಯ ಅಧಿಕಾರಿಯೊಬ್ಬರು ಪಕ್ಕದಲ್ಲಿ ಬಂದು ಕೂತರು. "ಅಲ್ರೀ, ಅವತ್ತು ನಿಮ್ಮಣ್ಣ ಯಾಕೆ ಎದ್ದೇಳಲಿಲ್ಲ? ಅದೊಂದನ್ನ ಒಪ್ಪಿಕೊಳ್ಳೋಣ ಅಂತ ಉತ್ತರ ಬರೆದು ಮಂತ್ರಿಗಳ ಕೈಗೇ ಕೊಟ್ಟಿದ್ವಿ!"

ನಾನು ಅರ್ಧ ಊಟದಲ್ಲೇ ಎದ್ದೆ.

ಮರುವರ್ಷ ನಮ್ಮ ಕಚೇರಿಯ ಎದುರಂಗಡಿಯ ಬೀಗದವನು ಕಾಣೆಯಾದ. ನೀರಿನ ಟ್ಯಾಂಕಿನ ಹತ್ತಿರ ಯಾರದೋ ಮನೆಯ ಬೀಗ ತೆಗೆಯಲು ಹೋಗಿದ್ದನಂತೆ. ಚೀಲದಲ್ಲಿ ಅರವತ್ತು ಕೀಲಿ ಇದ್ದವೆಂದು ಪೊಲೀಸರು ಹಿಡಿದಿದ್ದರು, ನಮಗೆ ತಿಳಿದದ್ದು ಆಮೇಲೆ. ಬೀಗದವನ ಚೀಲದಲ್ಲಿ ಮತ್ತೇನು, ಮಲ್ಲಿಗೆ ಹೂವಿರುತ್ತದೆಯೇ? ಹೊಸ ಭದ್ರತಾ ಕಾನೂನಿನ ಪ್ರಕಾರ ಯಾರಿಗೂ ಹೇಳಬೇಕಾಗಿರಲಿಲ್ಲ, ಹೇಳಲೂ ಇಲ್ಲ. ಅಣ್ಣ ಠಾಣೆಗೆ ಫೋನ್ ಮಾಡಿದರೆ "ನಮ್ಮಲ್ಲಿಲ್ಲ ಸಾರ್" ಎಂದರು. ಅವನ ಹೆಂಡತಿಯ ಜೊತೆ ನಾನೂ ಆಸ್ಪತ್ರೆ, ಶವಾಗಾರ ಅಲೆದೆ. ಒಂದೊಂದು ಕಡೆಯೂ ಬಟ್ಟೆ ಸರಿಸಿ ತೋರಿಸುವಾಗ ಅವಳು ನನ್ನ ಕೈಯನ್ನು ಉಗುರು ಇಳಿಯುವಂತೆ ಹಿಡಿದುಕೊಳ್ಳುತ್ತಿದ್ದಳು. ಆರನೆಯ ದಿನ ಹಾಸಿಗೆ ಹಿಡಿದಿದ್ದ ಅವನ ತಂದೆ ತೀರಿಕೊಂಡ, ಮಗ ತನಗಿಂತ ಮೊದಲೇ ಹೋದ ಎಂದುಕೊಂಡೇ. ಹತ್ತನೆಯ ದಿನ ಬೀಗದವನನ್ನು ಬಿಟ್ಟರು, ತಪ್ಪಾಯಿತು ಎಂದು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಅಣ್ಣ ಸದನದಲ್ಲಿ ನಲವತ್ತು ನಿಮಿಷ ಗುಡುಗಿದ. ಪತ್ರಿಕೆಯಲ್ಲಿ ಬಂದದ್ದನ್ನು ಬೀಗದವನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿಕೊಂಡ. ಪುಸ್ತಕದ ಸುದ್ದಿ ಕೇಳಿದ್ದೇ, "ಅಕ್ಕ, ನನಗೊಂದು ಎತ್ತಿಡಿ" ಎಂದಿದ್ದ.

"ಅವನು ಓದ್ತಾನೆ ಅಂತಲೇ ಹೇಳ್ತಿರೋದು, ತೆಗಿ," ಎಂದ ಅಣ್ಣ.

"ಚೀಟಿ ಕಳಿಸಿದ್ದು ನಾನು. ಪುಸ್ತಕ ಬರೋಕೆ ಮುಂಚೆ ನಾನೇ ಹೋಗಿ ಹೇಳ್ತೀನಿ."

"ಹೇಳಿದ್ರೆ ಏನು ಬಂತು? ಅವನಪ್ಪ ಎದ್ದು ಬರ್ತಾನಾ?"

"ಬರಲ್ಲ. ಆದ್ರೆ ನಾವು ದೇವರಂಥವರು ಅಂತ ಅವನು ಇನ್ನೂ ಹತ್ತು ವರ್ಷ ಅಂದ್ಕೊಂಡಿರ್ಲಾ?"

ನಾನು ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದೆ.

ಬೀಗದವನು ಒಂದು ಹಳೆಯ ಪೆಟ್ಟಿಗೆಯ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. "ಬನ್ನಿ ಅಕ್ಕ, ಮತ್ತೆ ಬೀರುವಿನ ಕೀಲಿ ಕಳಕೊಂಡ್ರಾ? ನಿಮ್ಮಿಂದಲೇ ನನ್ನ ಹೊಟ್ಟೆ ತುಂಬ್ತಿದೆ!"

ನಿಂತೇ ಹೇಳಿದೆ. ತಿದ್ದುಪಡಿ, ಚೀಟಿ, ಮಂತ್ರಿಯ ಕೈಯಲ್ಲಿದ್ದ ಉತ್ತರ. ಏನನ್ನೂ ಕತ್ತರಿಸಲಿಲ್ಲ. ಅವನು ಎಣ್ಣೆಯ ಡಬ್ಬಿ ಕೆಳಗಿಟ್ಟು ಚಿಂದಿ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ಅವತ್ತು ಎದ್ದು ನಿಂತು ಏನನ್ಬೇಕಾಗಿತ್ತು?"

"ಮಂಡಿಸ್ತೀನಿ ಅಂತ."

"ಅಷ್ಟೇನಾ?"

"ಅಷ್ಟೇ."

ಅವನು ಚಿಂದಿಯನ್ನು ಮಡಚಿಟ್ಟ. "ರೈಲು ಸಿಕ್ತಾ?"

"ಸಿಕ್ತು."

"ಸರಿ," ಎಂದು ಬೀಗವನ್ನು ಕೈಗೆತ್ತಿಕೊಂಡು ಬೆಳಕಿನ ಕಡೆ ತಿರುಗಿ ಕೂತ. ಬೈದಿದ್ದರೆ ಏನಾದರೂ ಹೇಳಬಹುದಿತ್ತು. ಬೈಯಲಿಲ್ಲ. ಇನ್ನೊಬ್ಬ ಗಿರಾಕಿ ಬಂದ, ನಾನು ಜಾಗ ಬಿಟ್ಟೆ.

ಅಣ್ಣ ಕಿಟಕಿಯ ಹತ್ತಿರ ನಿಂತಿದ್ದ. "ಏನಂದ?"

"ರೈಲು ಸಿಕ್ತಾ ಅಂತ ಕೇಳಿದ."

ಮೈಕಣ್ಣ ಕಿಟಕಿ ಮುಚ್ಚಿದ. ಮೇಜಿಗೆ ಬಂದು ಕೂತು ಆ ಹಾಳೆಯನ್ನು ಅದರ ಜಾಗಕ್ಕೆ ಸೇರಿಸಿದ. ನಲವತ್ತು ನಿಮಿಷದ ಭಾಷಣದ ಪುಟಗಳನ್ನು ಹುಡುಕಿ, ಪ್ರತಿಯೊಂದರ ಮೇಲೂ ಅಡ್ಡಗೆರೆ ಎಳೆದು 'ಬಿಡುವುದು' ಎಂದು ಬರೆದ. ನಾನು ತಡೆಯಲಿಲ್ಲ. ಆಮೇಲೆ ಸಹಿ ಹಾಕಿ ಲಕೋಟೆಯನ್ನು ನನ್ನ ಕೈಗೆ ಕೊಟ್ಟ. ಅಂಚೆ ಕಚೇರಿಗೆ ಹೋಗುವಾಗ ನಾನು ಎದುರಂಗಡಿಯ ಮುಂದೆ ಹಾಯದೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋದೆ.