ಅಸ್ತರ ಹಚ್ಚಿದ ಕಿಟಕಿ

ಮಮದಾಪುರದ ನಂದಾ ಜೋರಾಪುರ ಪೇಟೆಯ ಸತೀಶಕುಮಾರನಿಗೆ ಎರಡನೆಯ ಹೆಂಡತಿಯಾಗಿ ಬಂದು ಆರೇಳು ತಿಂಗಳಾಗಿತ್ತು. ಗಂಡನ ಬಗ್ಗೆ ತಕರಾರಿರಲಿಲ್ಲ. ಓಣಿಯ ಹೆಂಗಸರಂತೂ ಅವಳ ಹೊಲಿಗೆಗೆ ಮಾರುಹೋಗಿ ಕುಬಸದ ಬಟ್ಟೆ ತಂದು ಸುರಿಯುತ್ತಿದ್ದರು. ಅವಳ ಕೊರಗೆಲ್ಲ ಗಂಡನ ಮಗಳು ನೇತ್ರಾಳ ವಿಷಯದಲ್ಲಿ. ತಾಯಿಯಿಲ್ಲದ ಆ ಹುಡುಗಿ ಹಟ ಮಾಡುತ್ತಿರಲಿಲ್ಲ, ಎದುರಾಡುತ್ತಿರಲಿಲ್ಲ. ಬಡಿಸಿದಷ್ಟು ಉಂಡು "ಸಾಕ್ರಿ" ಎಂದು ಏಳುತ್ತಿದ್ದಳು. ಬೀಗರ ಮನೆಗೆ ಬಂದವರೂ ಇಷ್ಟು ಸಭ್ಯರಾಗಿರುವುದಿಲ್ಲ! ಒಮ್ಮೆಯಾದರೂ ನನ್ನ ಮೇಲೆ ಮುನಿಸಿಕೊಳ್ಳಬಾರದೇ ಎಂದು ನಂದಾಳ ಜೀವ ಹಂಬಲಿಸುತ್ತಿತ್ತು.

ಒಂದು ದಿನ ನೇತ್ರಾ ತಾನಾಗಿಯೇ ಬಳಿಗೆ ಬಂದಳು. ಶಾಲೆಗೆ ಕಾಗದದ ಬಣ್ಣದ ಕಿಟಕಿ ಮಾಡಿಕೊಂಡು ಹೋಗಬೇಕಿತ್ತು. ಕರಿ ರಟ್ಟಿನ ಮೇಲೆ ಗೋಳಗುಮ್ಮಟ ಬರೆದು, ಒಳಗೆಲ್ಲ ಕಿಂಡಿ ಕತ್ತರಿಸಿ, ಅವಕ್ಕೆ ಗಾಳಿಪಟಕ್ಕೆ ಬಳಸುವ ತೆಳು ಬಣ್ಣದ ಹಾಳೆ ಅಂಟಿಸುವ ಕೆಲಸ. ನಂದಾಗೆ ಹಬ್ಬವೇ ಆಯಿತು. ಇಬ್ಬರೂ ಕೂತು ಮುಗಿಸಿದರು. ಹುಡುಗಿ ಆಟಕ್ಕೆ ಹೋದ ಮೇಲೆ ನಂದಾಳ ಕೈ ಸುಮ್ಮನಿರಬೇಕಲ್ಲ! ತೆಳ್ಳಗಿದ್ದುದಕ್ಕೆ ಒಳಗೊಂದು ಅಸ್ತರ ಹಚ್ಚದೆ ಬಿಡದ ಕೈ ಅದು. ಹಾಳೆ ಹರಿದೀತೆಂದು, ರಟ್ಟಿಗೆ ಒಪ್ಪುವಂಥ ದಪ್ಪ ಕರಿ ಬಟ್ಟೆಯನ್ನು ಹಿಂದಿಟ್ಟು, ಸುತ್ತಲೂ ಮಶೀನು ಹೊಡೆದು, ಪೇಪರಿನಲ್ಲಿ ಸುತ್ತಿಟ್ಟಳು.

ಮರುದಿನ ತಾಯಂದಿರನ್ನೂ ಶಾಲೆಗೆ ಕರೆದಿದ್ದರು. ಮಕ್ಕಳ ಕೆಲಸವನ್ನು ಕಿಟಕಿಗೆ ತೂಗುಹಾಕಿದ್ದೇ ತಡ, ನೆಲದ ತುಂಬ ಕೆಂಪು, ಹಳದಿ, ಹಸಿರು ಬಿಸಿಲು ಬಿತ್ತು. ನೇತ್ರಾಳ ಗುಮ್ಮಟವೊಂದೇ ಕಪ್ಪಗೆ ನಿಂತಿತ್ತು. ಗೆಳತಿ ಸಮ್ರೀನ ಅದನ್ನು ತಿರುಗಿಸಿ ನೋಡಿ ಕಿಸಕ್ಕನೆ ನಕ್ಕಳು. ನಂದಾಗೆ ಆಗ ಹೊಳೆಯಿತು. ಬೆಳಕು ಬರಬೇಕಾದ ಕಡೆಗೇ ಬಟ್ಟೆ ಹೊಲಿದಿದ್ದಳು. ಇನ್ನು ಈ ಮಗು ನನ್ನ ಹತ್ತಿರ ಸುಳಿಯುವುದಿಲ್ಲ ಎಂದುಕೊಂಡಳು.

ನೇತ್ರಾ ಕಣ್ಣು ತುಂಬಿಕೊಂಡು ನೇರ ಅವಳ ಮುಂದೆ ಬಂದು ನಿಂತಳು.

"ಯಾರ ಹೇಳ್ಯಾರ ನಿನಗ ಅಸ್ತರ ಹಚ್ಚಂತ? ಇದೇನ ಕುಬಸೇನ ಬೇ? ಬಿಚ್ಚು ಮೊದಲ."

ದೊಡ್ಡವರಿಗೆ ಹಾಗೆನ್ನಬಾರದೆಂದು ಟೀಚರು ಗದರಿಸಲು ಬಂದರು. ಅವ್ವನಿಗೆ ಅನ್ನುವ ಆ 'ಬೇ' ಕೇಳಿದ ನಂದಾ ತಡೆದಳು.

"ಬೈಲಿ ಬಿಡ್ರಿ. ನನ್ನ ಮಗಳ ಅದಾಳ."

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ನೇತ್ರಾ ಪಕ್ಕದಲ್ಲೇ ಕುಕ್ಕರಿಸಿ, "ಮೆಲ್ಲಗ ಬಿಚ್ಚು, ಹಾಳಿ ಹರದೀತು" ಎಂದು ರೇಗುತ್ತಲೇ ಇದ್ದಳು. ಬಟ್ಟೆ ಸರಿದಾಗ ಗುಮ್ಮಟ ಬಣ್ಣ ಬಣ್ಣವಾಗಿ ಬೆಳಗಿತು. ಸೂಜಿಯ ತೂತುಗಳಿಂದಲೂ ಅಂಚಿನುದ್ದಕ್ಕೆ ಚುಕ್ಕಿ ಚುಕ್ಕಿ ಬಿಸಿಲು ಇಳಿಯಿತು. ಅಂಥ ಅಂಚು ಬೇರೆ ಯಾರ ಕಿಟಕಿಗೂ ಇರಲಿಲ್ಲ.

ಅಷ್ಟಕ್ಕೆ ಹುಡುಗಿಯ ಸಿಟ್ಟು ಇಳಿಯಲಿಲ್ಲ. ಮನೆಗೆ ಹೋಗುವಾಗಲೂ ನಂದಾಳ ಕೈ ಹಿಡಿದುಕೊಂಡೇ ಬೈಯುತ್ತ ನಡೆದಳು. ನಂದಾ ಬೇಕೆಂದೇ ಸುತ್ತಿನ ದಾರಿ ಹಿಡಿದಳು.