ಎತ್ತಿದ ಬೆರಳು

“ಆ ಕಡೆ ಯಾರಾದ್ರೂ ಹಿಡ್ಕೊಳ್ಳಿ, ಈ ಕಡೆ ನಾನು ಹಿಡೀತೀನಿ,” ಎಂದು ಅಳಿಯ ಗಾಜಿನ ಪೆಟ್ಟಿಗೆಗೆ ಕೈ ಹಾಕಿದ.

ಆ ಕಡೆ ಹಿಡಿಯಲು ಯಾರೂ ಬರಲಿಲ್ಲ. ಮಗ ಗೋಡೆಗೆ ಒರಗಿ ನಿಂತಿದ್ದ. ಮಗಳು ತಾಯಿಯ ಪಕ್ಕ ಕೂತಿದ್ದಳು. ಸೊಸೆ ಅಡುಗೆಮನೆಯ ಬಾಗಿಲಲ್ಲಿದ್ದಳು. ಎಲ್ಲರೂ ಉಸಿರು ಬಿಗಿಹಿಡಿದು ಪೆಟ್ಟಿಗೆಯೊಳಗಿನ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದರು.

“ಅಲುಗಾಡುತ್ತೆ ಕಣ್ರೀ,” ಎಂದಳು ಮಗಳು.

“ಅಲುಗಾಡ್ಲಿ ಬಿಡೇ. ಮಾವನ್ನ ಹೊತ್ಕೊಂಡು ಹೋಗೋಕೆ ದಾರಿ ಬೇಡ್ವಾ?”

ಮಾವ ಅದೇ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಇನ್ನು ಅವರಿಗೆ ತಕ್ಕಡಿಯ ಗೊಡವೆ ಇರಲಿಲ್ಲ. ಆದರೂ ಮನೆಯವರಲ್ಲಿ ಒಬ್ಬರಿಗೂ ಪೆಟ್ಟಿಗೆ ಮುಟ್ಟುವ ಧೈರ್ಯ ಬರಲಿಲ್ಲ. ಕೊನೆಗೆ ಹಳೆಯ ಗೆಳೆಯರಾದ ಮದ್ದಿನಂಗಡಿಯವರೇ ಎದ್ದು ಒಂದು ಕಡೆ ಹಿಡಿದರು. ಪೆಟ್ಟಿಗೆ ಮೂಲೆ ಸೇರಿತು. ಮುಳ್ಳು ಅತ್ತಿತ್ತ ಓಲಾಡಿ ನಿಂತ ಮೇಲಷ್ಟೇ ಮಗ ಗೋಡೆ ಬಿಟ್ಟು ಬಂದ.

ಊರಿಗೆಲ್ಲ ಅವರು ‘ತಕ್ಕಡಿಯವರು’. ಅಕ್ಕಸಾಲಿಗರ, ಮದ್ದಿನಂಗಡಿಗಳ, ಕಾಲೇಜಿನ ಪ್ರಯೋಗಶಾಲೆಗಳ ಸೂಕ್ಷ್ಮ ತಕ್ಕಡಿಗಳು ಕೆಟ್ಟರೆ ಅವರ ಕೈಗೇ ಬರಬೇಕು. ಗುಲಗಂಜಿಯ ನೂರರಲ್ಲೊಂದು ಪಾಲು ಹೆಚ್ಚು ಕಡಿಮೆಯಾದರೂ ಹಿಡಿಯುವ ಕೈ ಅದು. ಮನೆ ಒಂದು ಗೋದಾಮಿನ ಮೇಲಿತ್ತು, ನೆಲ ಮರದ್ದು. ಅಡುಗೆಮನೆಯಲ್ಲಿ ಯಾರಾದರೂ ಹಿಮ್ಮಡಿ ಊರಿ ನಡೆದರೆ ಹಜಾರದಲ್ಲಿ ಮುಳ್ಳು ನಡುಗುತ್ತಿತ್ತು. ಹಾಗಾಗಿ ಆ ಮನೆಯವರೆಲ್ಲ ತುದಿಗಾಲಲ್ಲಿ ನಡೆಯುವುದನ್ನು ಕಲಿತಿದ್ದರು. ಬೇಸಿಗೆಯಲ್ಲೂ ಕಿಟಕಿ ತೆರೆಯುತ್ತಿರಲಿಲ್ಲ, ಫ್ಯಾನು ಹಾಕುತ್ತಿರಲಿಲ್ಲ.

“ಇಷ್ಟು ವರ್ಷದ ಸ್ನೇಹ, ಅವರ ಬಾಯಲ್ಲಿ ಒಂದು ಗಟ್ಟಿ ಮಾತು ಕೇಳಿಲ್ಲ ನಾನು,” ಎಂದರು ಮದ್ದಿನಂಗಡಿಯವರು, ಕೈ ಒರೆಸಿಕೊಳ್ಳುತ್ತ. “ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಅದು ಇವರನ್ನ ನೋಡೇ ಹೇಳಿರ್ಬೇಕು.”

“ಇರುವೇನೂ ತುಳಿದೋನಲ್ಲ ನಮ್ಮಣ್ಣ!” ಸತ್ತವರ ತಂಗಿ ಮೂಗು ಸೀಟಿಕೊಂಡಳು. ಆ ವಂಶಕ್ಕೆ ಸಲ್ಲಬೇಕಾದ ಗಂಟಲನ್ನೆಲ್ಲ ದೇವರು ಅವಳೊಬ್ಬಳಿಗೇ ಕೊಟ್ಟಿದ್ದ. “ನಮ್ಮತ್ತಿಗೆ ಪುಣ್ಯ ಮಾಡಿದ್ಲು. ಏನು ಕೇಳಿದ್ರೂ ‘ನಿನ್ನಿಷ್ಟ’ ಅನ್ನೋನು. ಯಾವ ಗಂಡ ಅಂತಾನೆ ಹೇಳಿ? ಅಲ್ವಾ ಅತ್ತಿಗೆ?”

“ಹೌದು,” ಎಂದಳು ತಾಯಿ.

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮಗಳಿಗೆ ಅದೇ ಸಂಕಟ. ಅವಳು ತಾಯಿಯ ಪಾದಗಳನ್ನು ನೋಡಿದಳು. ಕುರ್ಚಿಯ ಮೇಲೆ ಕೂತಿದ್ದರೂ ತಾಯಿಯ ಎರಡು ಹಿಮ್ಮಡಿಗಳೂ ನೆಲ ಬಿಟ್ಟು ಮೇಲೆದ್ದಿದ್ದವು.

*

ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೆಮ್ಮು ಹಿಡಿದಿತ್ತು. ಅಪ್ಪ ಹಜಾರದಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಅವಳು ಕೆಮ್ಮಿದಾಗ ಅವರು ತಲೆಯೆತ್ತಲಿಲ್ಲ, ಗದರಿಸಲಿಲ್ಲ. ಮೇಜಿನ ಮೇಲಿದ್ದ ಬಲಗೈಯ ತೋರುಬೆರಳನ್ನು ಮಾತ್ರ ಒಂದಂಗುಲ ಎತ್ತಿದರು.

ಅಮ್ಮ ಓಡಿ ಬಂದಳು. ಓಡಿ ಎಂದರೆ ತುದಿಗಾಲಲ್ಲಿ. ಮಗಳ ಮುಖವನ್ನು ದಿಂಬಿಗೆ ಒತ್ತಿ, “ಇದ್ರೊಳಗೆ ಕೆಮ್ಮು ಕಂದಾ, ಇದ್ರೊಳಗೆ,” ಎಂದು ಪಿಸುಗುಟ್ಟಿದಳು. ಸಂಜೆ ಅಪ್ಪನೇ ಔಷಧಿ ತಂದು, “ಪಾಪ, ಕೆಮ್ಮು ಬಂದ್ರೆ ಕೆಮ್ಮಬೇಕಪ್ಪ, ಅದಕ್ಕೇನಂತೆ,” ಎಂದು ತಲೆ ಸವರಿದರು. ಅಂದು ರಾತ್ರಿಯೂ ಅವಳು ದಿಂಬಿನೊಳಗೇ ಕೆಮ್ಮಿದಳು.

ಮುಂದೆ ಅಂಗಡಿಗಳಿಗೆ ಅಂಕಿ ಮಿನುಗುವ ತಕ್ಕಡಿಗಳು ಬಂದವು. ಅವರ ಕೆಲಸ ನಿಂತುಹೋಯಿತು. ಬೆರಳು ಮಾತ್ರ ನಿವೃತ್ತಿಯಾಗಲಿಲ್ಲ. ಪಾತ್ರೆ ಸದ್ದಾದರೆ, ಅಮ್ಮ ಪಕ್ಕದ ಮನೆಯವಳ ಜೊತೆ ನಕ್ಕರೆ, ಯಾರಾದರೂ ಹೊರಗೆ ಹೊರಟು ನಿಂತರೆ ಅದು ಏಳುತ್ತಿತ್ತು. ತೂಗುವುದಕ್ಕೆ ಏನೂ ಇಲ್ಲದ ತಕ್ಕಡಿಯ ಮುಂದೆ ಅವರು ಕೂತಿರುತ್ತಿದ್ದರು, ಮುಳ್ಳು ನೆಟ್ಟಗೆ ನಿಂತಿರುತ್ತಿತ್ತು.

*

ಎಲ್ಲ ಮುಗಿಸಿ ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಮದ್ದಿನಂಗಡಿಯವರು ಹೊರಟುಹೋದರು. ಅಳಿಯ ಗಾಡಿ ತರಲು ಕೆಳಗಿಳಿದ. ಮಗ ಸುಸ್ತಾಗಿ ಬಂದು ಅಪ್ಪನ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತ. ಅತ್ತು ಅತ್ತು ಅವನ ಕಣ್ಣುಗಳು ಊದಿಕೊಂಡಿದ್ದವು. ಅಪ್ಪನ ಕೊನೆಯ ತಿಂಗಳುಗಳಲ್ಲಿ ಮೈ ಒರೆಸಿ ಮಗ್ಗುಲು ಬದಲಿಸಿದವನು ಅವನೇ.

“ಅಣ್ಣಾ, ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ,” ಎಂದಳು ಮಗಳು.

“ಎಷ್ಟು ದಿನಕ್ಕೆ?”

“ದಿನಕ್ಕಲ್ಲ. ಇನ್ನು ಅಲ್ಲೇ ಇರ್ಲಿ.”

“ಯಾಕೆ?” ಮಗ ನಿಜವಾಗಿಯೂ ಬೆರಗಾದ. “ಇಲ್ಲೇನು ಕಡಿಮೆಯಾಗಿದೆ? ನಾನೇನಾದ್ರೂ ಅಂದೆನಾ? ನನ್ನ ಹೆಂಡ್ತಿ ಏನಾದ್ರೂ ಅಂದ್ಲಾ?”

ಅಪ್ಪ ಹೊಡೆದಿದ್ದರೆ ಮಗಳು ಹೊಡೆದರು ಎನ್ನಬಹುದಿತ್ತು, ಬೈದಿದ್ದರೆ ಬೈದರು ಎನ್ನಬಹುದಿತ್ತು. ಬೆರಳು ಎತ್ತಿದ್ದನ್ನು ಯಾವ ಬಾಯಲ್ಲಿ ಹೇಳುವುದು? ಹೇಳಿದರೂ ಕೇಳಿದವರು ನಗುತ್ತಾರೆ.

“ಮಗ ಇರೋವಾಗ ಮಗಳ ಮನೆಗ್ಯಾಕೆ ಹೋಗ್ಬೇಕು?” ಎಂದಳು ಸೋದರತ್ತೆ. “ಊರವರು ಏನಂದ್ಕೋತಾರೆ?”

*

ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ತಾಯಿ ಒಮ್ಮೆ ಮಗಳ ಮನೆಯಲ್ಲಿದ್ದಳು. ಅಲ್ಲಿ ಕಲ್ಲಿನ ನೆಲ. ಮೊದಮೊದಲು ಅವಳು ಅಲ್ಲೂ ಬೆಕ್ಕಿನ ಹೆಜ್ಜೆ ಇಟ್ಟಳು. ಒಂದು ಬೆಳಗ್ಗೆ ಹಿತ್ತಿಲ ಕಡೆಯಿಂದ ಧಪ್ ಧಪ್ ಎಂದು ಸದ್ದು ಕೇಳಿ ಮಗಳು ಯಾರೋ ಹೊರಗಿನವರು ಬಂದರೆಂದು ಓಡಿದಳು. ನೋಡಿದರೆ ಅಮ್ಮ ಬಟ್ಟೆ ಒಣಹಾಕುತ್ತ, ಏನೋ ಗುನುಗುತ್ತ, ಹಿಮ್ಮಡಿ ಊರಿ ನಡೆಯುತ್ತಿದ್ದಳು. ಅಮ್ಮನ ಹೆಜ್ಜೆಯ ಸದ್ದನ್ನು ಮಗಳು ಹುಟ್ಟಿದಮೇಲೆ ಕೇಳಿದ್ದು ಅದೇ ಮೊದಲು. ಅವಳಿಗೆ ಅಳು ಬಂತು.

ಸಂಜೆ ಅಪ್ಪ ಫೋನು ಮಾಡಿದರು. “ಆರಾಮಾಗಿರು. ಯಾವಾಗ ಬೇಕೋ ಆಗ ಬಾ, ನಿನ್ನಿಷ್ಟ,” ಎಂದರು. ಜೇನಿನಂಥ ಮಾತು. ಫೋನಿಟ್ಟ ತಾಯಿ ಒಳಗೆ ಹೋಗಿ ಬಟ್ಟೆ ಮಡಿಚಿ ಚೀಲಕ್ಕೆ ತುಂಬತೊಡಗಿದಳು. ಹೋಗುವಾಗ ಅವಳ ಕಾಲಿನ ಸದ್ದು ಕೇಳಿಸಲಿಲ್ಲ.

*

ಮಗ ತಾಯಿಯ ಕಡೆ ತಿರುಗಿದ. “ನೀನೇ ಹೇಳಮ್ಮ. ಇಲ್ಲಿರ್ತೀಯೋ, ಅಲ್ಲಿಗೆ ಹೋಗ್ತೀಯೋ? ನನ್ನದೇನೂ ಬಲವಂತ ಇಲ್ಲ. ನಿನ್ನಿಷ್ಟ.”

“ಇಲ್ಲೇ ಇರ್ತೀನಿ ಬಿಡಪ್ಪ,” ಎಂದಳು ತಾಯಿ.

“ನೋಡಿದ್ಯಾ?” ಎಂದಳು ಅತ್ತೆ. “ಅವಳ ಬಾಯಿಂದಲೇ ಬಂತು.”

ಮಗಳು ತಲೆ ತಗ್ಗಿಸಿದಳು. ಬಾಯಿಂದ ಬಂದ ಮೇಲೆ ಮುಗಿಯಿತಲ್ಲ, ಇನ್ನು ವಾದ ಯಾರ ಪರವಾಗಿ ಹೂಡುವುದು? ಅವಳು ತನ್ನ ಚೀಲ ಹತ್ತಿರಕ್ಕೆ ಎಳೆದುಕೊಂಡಳು.

ಆಗ ಸೊಸೆ ಕಾಫಿ ಕುಡಿದ ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಒಳಗೆ ಹೊರಟಿದ್ದಳು. ಮೇಲಿನ ಲೋಟ ಜಾರಿ ಠಣ್ ಎಂದಿತು.

ಮಗ ಅತ್ತ ತಿರುಗಲಿಲ್ಲ. ಮೇಜಿನ ಮೇಲಿದ್ದ ಅವನ ಬಲಗೈಯ ತೋರುಬೆರಳು ಒಂದಂಗುಲ ಮೇಲೆದ್ದಿತು.

ಸೊಸೆ ಇದ್ದಲ್ಲೇ ನಿಂತಳು. ಲೋಟಗಳನ್ನು ಎದೆಗವಚಿಕೊಂಡು, ತುದಿಗಾಲಲ್ಲಿ.

ತಾಯಿ ಆ ಬೆರಳನ್ನು ನೋಡಿದಳು, ಸೊಸೆಯ ಕಾಲುಗಳನ್ನು ನೋಡಿದಳು. ಬೆಳಗಿನಿಂದ ಒಂದು ಹನಿ ಹಾಕದಿದ್ದವಳ ಕಣ್ಣಲ್ಲಿ ಈಗ ನೀರು ತುಂಬಿತು. ಅವಳು ಕುರ್ಚಿಯ ತೋಳು ಹಿಡಿದು ಎದ್ದಳು.

ಧಪ್.

ಗೋದಾಮಿನ ಮೇಲಿನ ಮರದ ನೆಲ ಗುಡುಗಿತು. ತಾಯಿ ಹಿಮ್ಮಡಿ ಊರಿ ಹಜಾರದುದ್ದಕ್ಕೂ ನಡೆದು ಒಳಕೋಣೆಗೆ ಹೋದಳು. ಮೂಲೆಯಲ್ಲಿ ತಕ್ಕಡಿಯ ಮುಳ್ಳು ಎಚ್ಚರವಾಯಿತು.

“ಅತ್ತಿಗೆ, ಮೆಲ್ಲಗೆ! ತಕ್ಕಡಿ...” ಎಂದ ಅತ್ತೆಯ ಮಾತು ಅರ್ಧಕ್ಕೇ ನಿಂತಿತು.

ಒಳಗೆ ಬಟ್ಟೆಯ ಟ್ರಂಕಿನ ಮುಚ್ಚಳ ಬಿದ್ದ ಸದ್ದಾಯಿತು. ಕಪಾಟಿನ ಬಾಗಿಲು ಬಡಿಯಿತು. ತಾಯಿ ಬಟ್ಟೆಯ ಗಂಟು ಹಿಡಿದು ಅದೇ ಸದ್ದಿನಲ್ಲಿ ವಾಪಸು ಬಂದಳು, ಅದನ್ನು ಮಗಳ ಚೀಲದ ಪಕ್ಕ ಇಟ್ಟಳು.

“ಅಮ್ಮಾ, ನಾನೇನಂದೆ ಈಗ?” ಮಗ ಎದ್ದು ನಿಂತ. ಅವನ ದನಿ ಒಡೆದಿತ್ತು. “ನಾನು ಏನೂ ಅನ್ಲೇ ಇಲ್ವಲ್ಲ!”

ಅದೂ ನಿಜವೇ. ತಾಯಿ ಅವನ ಬಳಿ ಹೋಗಿ, ಅವನ ಬಲಗೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಿಚಿ ಬಿಟ್ಟಳು. ಮಗ ತನ್ನ ಮುಷ್ಟಿಯನ್ನು ಮೊದಲ ಸಲ ನೋಡುವವನಂತೆ ನೋಡಿದ.

ಆಮೇಲೆ ಅವಳು ಅಡುಗೆಮನೆಯ ಬಾಗಿಲಿಗೆ ಬಂದಳು. ಸೊಸೆ ಇನ್ನೂ ಹಾಗೇ ನಿಂತಿದ್ದಳು. ತಾಯಿ ಅವಳ ಎರಡೂ ಭುಜಗಳ ಮೇಲೆ ಕೈಯಿಟ್ಟು ಮೆತ್ತಗೆ ಕೆಳಕ್ಕೆ ಒತ್ತಿದಳು. ಸೊಸೆಯ ಹಿಮ್ಮಡಿಗಳು ನಿಧಾನವಾಗಿ ಇಳಿದು ನೆಲ ಮುಟ್ಟಿದವು. ಮೂಲೆಯಲ್ಲಿ ಮುಳ್ಳು ಅತ್ತಿಂದಿತ್ತ ಓಲಾಡುತ್ತಲೇ ಇತ್ತು.