ಹಳದಿ ಗುಳಿಗೆಯ ಪರವಾಗಿ

"ನಿಲ್ಲಿಸಮ್ಮಾ. 'ನನ್ನ ತಂಗಿ' ಅಂದ ಮೇಲೆ ಉಸಿರು ತಗೋಬೇಡ. ನೀನು ಅಲ್ಲಿ ನಿಂತ್ರೆ ಸಮಿತಿಯವರು ಗಡಿಯಾರ ನೋಡ್ತಾರೆ," ಎಂದರು ಮೇಷ್ಟ್ರು. "ಮತ್ತೆ ಮೊದಲಿಂದ."

ಅವಳು ಮತ್ತೆ ಮೊದಲಿಂದ ಹಿಡಿದಳು. ವಿಟಮಿನ್ ಅಂಗಡಿಯ ಮೇಲಿನ ಕೋಣೆ. ಗೋಡೆಗೆ ಒತ್ತಿ ಪೇರಿಸಿದ ರಟ್ಟಿನ ಪೆಟ್ಟಿಗೆಗಳು, ನಡುವೆ ಮಡಚುವ ಕುರ್ಚಿಗಳು, ಎಲ್ಲದರ ಮೇಲೂ ಮೀನೆಣ್ಣೆಯ ತೆಳುವಾದ ವಾಸನೆ. ಗುಳಿಗೆ ಉಳಿಸಿಕೊಳ್ಳಲು ಕಟ್ಟಿಕೊಂಡ ಸಂಘದವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ದೊಡ್ಡವರೂ. ಬಾಯಿ ತೆರೆದರೆ ತಂಗಿಯ ಮಾತೇ ಬರುವವಳನ್ನು ಇನ್ನೇನೆಂದು ಕರೆದಾರು?

"ಹಾಸಿಗೆ ಹಿಡಿಯುತ್ತಾಳೆ ಎಂದುಕೊಂಡಿದ್ದ ನನ್ನ ತಂಗಿ ಇವತ್ತು ಈ ಗುಳಿಗೆಯಿಂದ ಮನೆಯ ಮೆಟ್ಟಿಲನ್ನು ತಾನೇ ಹತ್ತುತ್ತಾಳೆ. ಆ ಮೆಟ್ಟಿಲನ್ನು ಕಿತ್ತುಕೊಳ್ಳಬೇಡಿ."

"ಆಹಾ," ಎಂದರು ಮೇಷ್ಟ್ರು, ಕಣ್ಣು ಮುಚ್ಚಿ. "ಆ ಸಾಲಿಗೆ ಅವರು ತಲೆ ಎತ್ತಲೇಬೇಕು."

"ಎತ್ತದಿದ್ರೆ?" ಎಂದ ಅಂಗಡಿಯವನು, ಬಾಗಿಲಿಗೆ ಒರಗಿಕೊಂಡು.

"ನಿನ್ನ ಮೀನೆಣ್ಣೆ ಕುಡಿಸೋಣ. ತಾವಾಗೇ ಎತ್ತುತ್ತಾರೆ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ನಕ್ಕರೆ ಸಾಲು ತಪ್ಪುತ್ತದೆ ಎಂಬ ಭಯ ಅವಳಿಗೆ.

ದೂರದ ಯಾವುದೋ ನಗರದಲ್ಲಿ ಹಲವು ದೇಶಗಳ ಅಧಿಕಾರಿಗಳು ಕೂತು, ಒಂದು ವಿಟಮಿನ್ ಗುಳಿಗೆಯಲ್ಲಿ ಹೆಚ್ಚೆಂದರೆ ಎಷ್ಟು ಶಕ್ತಿಯಿರಬಹುದು ಎಂದು ಎಲ್ಲರಿಗೂ ಸಲ್ಲುವ ಒಂದೇ ಗೆರೆ ಎಳೆದಿದ್ದರು. ಇಲ್ಲಿನ ಸರ್ಕಾರ ಆ ಗೆರೆಯನ್ನು ಹಾಗೆಯೇ ಒಪ್ಪಿಕೊಳ್ಳುವುದರಲ್ಲಿತ್ತು. ಒಪ್ಪಿಕೊಂಡ ದಿನ ಗೆರೆಯಿಂದ ಮೇಲಿನ ಗುಳಿಗೆಗಳೆಲ್ಲ, ಈ ಹಳದಿ ಗುಳಿಗೆಯೂ, ಅಂಗಡಿಯ ಕಪಾಟಿನಿಂದ ಇಳಿಯುತ್ತವೆ. ಅದಕ್ಕೆ ಮುಂಚೆ ಒಂದು ಸಮಿತಿ ಜನರ ಮಾತು ಕೇಳುತ್ತದೆ. ಒಬ್ಬೊಬ್ಬರಿಗೆ ಮೂರು ನಿಮಿಷ.

ಮೇಷ್ಟ್ರು ಬದುಕಿಡೀ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದವರು. ಸಂಘಕ್ಕೂ ಅದನ್ನೇ ಕಟ್ಟಳೆ ಮಾಡಿದ್ದರು. "ಕಾಗದ ನೋಡಿ ಓದೋರ ಮುಖ ಯಾರೂ ನೋಡಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಬರಬೇಕು." ಅವರಿಗೆ ಈ ಹೋರಾಟ ಹೊತ್ತು ಕಳೆಯುವ ಕೆಲಸವಾಗಿರಲಿಲ್ಲ. ಅವರ ಮೊಮ್ಮಗಳಿಗೆ ಹುಟ್ಟಿನಿಂದ ಒಂದು ಅಪರೂಪದ ಕಾಯಿಲೆ. ಅದೇ ಹಳದಿ ಗುಳಿಗೆ, ಅಷ್ಟೇ ಶಕ್ತಿಯದು, ದಿನವೂ ಹೊಟ್ಟೆಗೆ ಬೀಳದಿದ್ದರೆ ಮಗುವಿಗೆ ಫಿಟ್ಸ್ ಬರುತ್ತಿತ್ತು. ಅಂಥ ಮಕ್ಕಳು ಬೆರಳೆಣಿಕೆಯಷ್ಟು. ಅವರಿಗೋಸ್ಕರ ಅದನ್ನು ಔಷಧಿಯೆಂದು ತಯಾರಿಸಲು ಯಾವ ಕಂಪನಿಗೂ ಪುರುಸೊತ್ತಿರಲಿಲ್ಲ. ಸಿಗುತ್ತಿದ್ದುದು ಈ ಅಂಗಡಿಯಲ್ಲಿ, ಮೀನೆಣ್ಣೆಯ ಪಕ್ಕದಲ್ಲಿ.

ಅಕ್ಕ ತನ್ನ ಮಾತನ್ನು ಕಲಿತದ್ದು ಹೊಲಿಗೆ ಯಂತ್ರದ ಮುಂದೆ. ಪರದೆ ಹೊಲಿಯುವ ಅಂಗಡಿಯಲ್ಲಿ ಅವಳಿಗೆ ಉದ್ದ ಅಂಚುಗಳ ಕೆಲಸ. ಒಂದು ಅಂಚಿಗೆ ಒಂದು ಸಾಲು. ಬಟ್ಟೆ ತಿರುಗಿಸುವಾಗ ಉಸಿರು. ಕೊನೆಕೊನೆಗೆ ಪೆಡಲಿನ ಮೇಲೆ ಕಾಲಿಟ್ಟರೆ ಸಾಕು, ನಾಲಿಗೆ ತಾನಾಗಿ ಹೊರಡುತ್ತಿತ್ತು. ಹಿಂದಿನ ಯಂತ್ರದವಳು, "ಅಕ್ಕಾ, ನಿನ್ನ ತಂಗಿ ಇವತ್ತು ಎಷ್ಟು ಸಲ ಮೆಟ್ಟಿಲು ಹತ್ತಿದ್ಲು?" ಎಂದು ರೇಗಿಸುತ್ತಿದ್ದಳು.

ಬರೆದಾಗ ಆ ಸಾಲು ನಿಜವಾಗಿತ್ತು. ತಂಗಿಯ ಪಾದಗಳಲ್ಲಿ ಜೋಮು ಶುರುವಾಗಿದ್ದ ಕಾಲ. ಅಂಗಡಿಯವನು ನರಕ್ಕೆ ಒಳ್ಳೆಯದೆಂದು ಹಳದಿ ಗುಳಿಗೆ ಕೊಟ್ಟ, ಕೆಲವು ವಾರ ಜೋಮು ಇಳಿಯಿತು, ತಂಗಿ ಮೆಟ್ಟಿಲು ಹತ್ತಿದಳು. ಆಮೇಲೆ ಅದು ಮತ್ತೆ ಬಂತು, ಬೇರೆ ಥರ. ನೆಲವೇ ಇಲ್ಲದ ಹಾಗೆ, ಹತ್ತಿಯ ಮೇಲೆ ನಿಂತ ಹಾಗೆ. ಅಕ್ಕ ಸಂಜೆ ಕೆಲಸದಿಂದ ಬಂದವಳು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದು, ತಂಗಿಯ ಕಾಲಿನ ಹೆಬ್ಬೆರಳಿನಿಂದ ಮೇಲಕ್ಕೆ ಮೆಲ್ಲಗೆ ಎಳೆಯುತ್ತಿದ್ದಳು. ತಂಗಿ ಕಣ್ಣು ಮುಚ್ಚಿರಬೇಕು. ಸುಣ್ಣ ತಾಕಿದ್ದು ಎಲ್ಲಿ ತಿಳಿಯುತ್ತದೋ ಅಲ್ಲಿ "ಹ್ಞಾಂ" ಅನ್ನಬೇಕು. ಅಲ್ಲಿ ಒಂದು ಅಡ್ಡಗೆರೆ, ಲಂಗದ ಉದ್ದ ಗುರುತು ಮಾಡಿದ ಹಾಗೆ.

"ಇದೊಳ್ಳೆ ಅಳತೆ. ಮಂಡಿಗೆ ಬಂದಾಗ ಅಂಚು ಮಡಚಿ ಹೊಲಿದುಬಿಡು," ಎನ್ನುತ್ತಿದ್ದಳು ತಂಗಿ.

ಗೆರೆ ಬೆರಳಿನಿಂದ ಪಾದಕ್ಕೆ, ಪಾದದಿಂದ ಕಣಕಾಲಿನ ಕೀಲಿಗೆ ಏರಿತು. ಗೆರೆ ಏರಿದಾಗ ಅಕ್ಕ ಗುಳಿಗೆಯನ್ನೂ ಏರಿಸಿದಳು. ಒಂದು ಎರಡಾಯಿತು, ಎರಡು ಮೂರಾಯಿತು. ದೇವರ ಮುಂದೆ ಕೈಮುಗಿದು, ಅದೇ ಕೈಯಿಂದ ತಂಗಿಯ ಅಂಗೈಗೆ ಹಾಕುತ್ತಿದ್ದಳು. ಭಾಷಣದ ಸಾಲನ್ನು ಮಾತ್ರ ಬದಲಿಸಲಿಲ್ಲ. ಬೇಗ ಸರಿಹೋಗುತ್ತಾಳಲ್ಲ, ಆಗ ಸಾಲು ಮತ್ತೆ ನಿಜವೇ ಆಗುತ್ತದಲ್ಲ ಎಂದುಕೊಂಡಳು.

ಸಮಿತಿ ಸೇರುವ ಹಿಂದಿನ ದಿನ ನರರೋಗದ ಡಾಕ್ಟರು ರಕ್ತದ ವರದಿಯನ್ನು ಪಕ್ಕಕ್ಕಿಟ್ಟು, "ಇವರಿಗೆ ಏನು ಕೊಡ್ತಿದ್ದೀರಿ?" ಎಂದು ಕೇಳಿದರು. ಚಿಕ್ಕ ವಯಸ್ಸಿನ ಹೆಂಗಸು, ದನಿ ಏರಿಸದವರು. ಅಕ್ಕ ಚೀಲದಿಂದ ಡಬ್ಬಿ ತೆಗೆದು ತೋರಿಸಿದಳು, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರು ಡಬ್ಬಿಯನ್ನು ತಿರುಗಿಸಿ ಓದಿದರು. "ಈ ವಿಟಮಿನ್ ರಕ್ತದಲ್ಲಿ ಎಷ್ಟಿದೆ ಅಂದ್ರೆ ಯಂತ್ರ ಅಳೆಯೋದನ್ನೇ ಬಿಟ್ಟಿದೆ. ಕಡಿಮೆಯಾದ್ರೂ ನರ ಕೆಡತ್ತೆ, ವಿಪರೀತ ಆದ್ರೂ ಕೆಡತ್ತೆ. ಇವತ್ತಿಂದ ಒಂದೂ ಬೇಡ."

"ಜೋಮು ಹೋಗಲಿ ಅಂತಾನೇ ಕೊಟ್ಟಿದ್ದು."

"ಗೊತ್ತಾಗತ್ತೆ. ಈಗಿರೋ ಜೋಮು ಇದರದ್ದೇ."

ತಂಗಿ ಅಕ್ಕನ ಮುಖ ನೋಡಲಿಲ್ಲ. "ವಾಪಸ್ ಬರತ್ತಾ?" ಎಂದು ಕೇಳಿದಳು, ಯಾರೋ ಎರವಲು ಒಯ್ದ ಪುಸ್ತಕವನ್ನು ವಿಚಾರಿಸಿದ ಹಾಗೆ.

"ಸ್ವಲ್ಪ ಬರಬಹುದು. ಎಷ್ಟು, ಯಾವಾಗ ಅಂತ ಈಗ ಹೇಳಲಾರೆ."

ಮನೆಯ ಮೆಟ್ಟಿಲಲ್ಲಿ ಅಕ್ಕ ಅವಳನ್ನು ಭುಜಕ್ಕೆ ಆನಿಸಿಕೊಂಡು ಹತ್ತಿಸಿದಳು. ನಡುವೆ ಒಂದು ಕಡೆ ನಿಂತಾಗ ತಂಗಿ ಕಿವಿಯ ಹತ್ತಿರ ಹೇಳಿದಳು: "ನಾಳೆ ಏನ್ ಹೇಳ್ತೀಯೆ?"

"ಗೊತ್ತಿಲ್ಲ ಕಣೆ."

"ನೀನು ಕೊಟ್ಟೆ, ನಾನು ತಿಂದೆ. ಒಬ್ಬಳೇ ಹೊತ್ಕೊಂಡು ಮೆರೀಬೇಡ." ಇನ್ನೊಂದು ಮೆಟ್ಟಿಲು ಹತ್ತಿ, "ಮೇಷ್ಟ್ರ ಮೊಮ್ಮಗಳಿಗೆ ಏನಾಗತ್ತೆ?" ಎಂದಳು. ಅಕ್ಕ ಮುಂದಿನ ಮೆಟ್ಟಿಲಿಗೆ ತಂಗಿಯ ಕಾಲನ್ನು ಕೈಯಿಂದ ಎತ್ತಿಟ್ಟಳು.

ಮರುದಿನ ಸಮಿತಿಯ ಕೋಣೆಯ ಹೊರಗೆ, ಉದ್ದ ಬೆಂಚಿನ ಮೇಲೆ, ಅವಳು ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದಳು. ಅವರು ಇಸ್ತ್ರಿಯ ಅಂಗಿ ಹಾಕಿಕೊಂಡು, ತಲೆ ನೀಟಾಗಿ ಬಾಚಿಕೊಂಡು ಬಂದಿದ್ದರು. ಕೇಳುತ್ತ ಕೇಳುತ್ತ ಅವರ ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ಮೊಮ್ಮಗಳ ಚಿತ್ರವಿತ್ತು, ಅದನ್ನು ಹೊರಗೆ ತೆಗೆಯಲಿಲ್ಲ.

"ಒಂದೇ ಗುಳಿಗೆ," ಎಂದರು ಕೊನೆಗೆ. "ನಿನ್ನ ಮನೇಲಿ ಹಾಗೆ, ನನ್ನ ಮನೇಲಿ ಹೀಗೆ. ಅವರು ಎರಡಕ್ಕೂ ಸೇರಿಸಿ ಒಂದೇ ಗೆರೆ ಎಳೀತಾರೆ."

"ನಾನು ಎದ್ದು ಹೋಗ್ಲಾ ಮೇಷ್ಟ್ರೇ?"

"ಹೋದ್ರೂ ಸರಿ." ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಮತ್ತೆ ತೆಗೆದರು. "ಸುಳ್ಳು ಹೇಳು ಅಂತ ನಾನು ಹೇಳಲ್ಲಮ್ಮ. ನಿಜ ಹೇಳು ಅನ್ನೋಕೂ ಬಾಯಿ ಬರ್ತಿಲ್ಲ."

ಒಳಗಿನಿಂದ ಕರೆ ಬಂತು. ಅವಳು ಎದ್ದು ಒಳಗೆ ಹೋದಳು. ಮೆಟ್ಟಿಲಿನ ಸಾಲನ್ನು ಬಿಟ್ಟುಬಿಡುವುದು, ಉಳಿದದ್ದನ್ನು ಹೇಳುವುದು, ಮೇಷ್ಟ್ರ ಮೊಮ್ಮಗಳ ಬಗ್ಗೆ ಒಂದು ಮಾತು ಸೇರಿಸುವುದು ಎಂದು ಆ ನಾಲ್ಕು ಹೆಜ್ಜೆಯಲ್ಲಿ ನಿಶ್ಚಯ ಮಾಡಿಕೊಂಡಳು.

ಸಮಿತಿಯವರು ಅರ್ಧಚಂದ್ರಾಕಾರದ ಮೇಜಿನ ಹಿಂದೆ ಕೂತಿದ್ದರು. ಬಹಳ ಜನರ ಮಾತು ಕೇಳಿ ಬಳಲಿದ ಮುಖಗಳು. ಒಬ್ಬರು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಅಧ್ಯಕ್ಷರು, "ಶುರುಮಾಡಿ," ಎಂದು ಎದುರಿದ್ದ ಸಮಯದ ದೀಪ ಹಸಿರು ಮಾಡಿದರು.

ಅವಳು ಶುರುಮಾಡಿದಳು. ಪೆಡಲಿಲ್ಲದಿದ್ದರೂ ಬಲಗಾಲು ನೆಲದ ಮೇಲೆ ಮೆಲ್ಲಗೆ ಆಡುತ್ತಿತ್ತು. ಸಾಲಿನ ಹಿಂದೆ ಸಾಲು ಬಂತು, ನುಣುಪಾಗಿ, ಒಂದೂ ಎಳೆ ಬಿಚ್ಚದೆ. ಬಾಯಿಪಾಠಕ್ಕೆ ಅದರದೇ ಓಟ. ನಡುವೆ ಒಂದು ಪದ ಕಿತ್ತರೆ ಮುಂದಿನದು ಬರುವುದಿಲ್ಲ ಎಂದು ಚಿಕ್ಕಂದಿನಲ್ಲಿ ಪದ್ಯ ಹೇಳಿದವರಿಗೆಲ್ಲ ಗೊತ್ತು. ಬಿಡಬೇಕಾದ ಸಾಲು ಹತ್ತಿರ ಬರುವುದು ಅವಳಿಗೆ ಕಾಣುತ್ತಿತ್ತು. ನಿಲ್ಲಬೇಕೆಂದುಕೊಂಡಳು. ಉಸಿರು ತೆಗೆದುಕೊಳ್ಳಬೇಡ ಎಂದಿದ್ದ ಜಾಗ ಅದು. ನಾಲಿಗೆ ಉಸಿರು ತೆಗೆದುಕೊಳ್ಳಲಿಲ್ಲ.

"...ನನ್ನ ತಂಗಿ ಇವತ್ತು ಈ ಗುಳಿಗೆಯಿಂದ ಮನೆಯ ಮೆಟ್ಟಿಲನ್ನು ತಾನೇ ಹತ್ತುತ್ತಾಳೆ. ಆ ಮೆಟ್ಟಿಲನ್ನು ಕಿತ್ತುಕೊಳ್ಳಬೇಡಿ."

ಸಮಿತಿಯವರು ತಲೆ ಎತ್ತಿದರು. ಎಲ್ಲರೂ. ಮೇಷ್ಟ್ರು ಹೇಳಿದ ಹಾಗೆಯೇ.

ಮೇಜಿನ ತುದಿಯಲ್ಲಿ ಕೂತಿದ್ದ, ಅಲ್ಲಿಯವರೆಗೆ ಮಾತೇ ಆಡದಿದ್ದ ಒಬ್ಬ ವಯಸ್ಸಾದ ಸದಸ್ಯೆ ಮೈಕನ್ನು ತನ್ನ ಕಡೆ ಎಳೆದುಕೊಂಡರು. "ಕೇಳಿ ಸಂತೋಷ ಆಯ್ತು. ಇದು ಸಮಿತಿಯ ಪ್ರಶ್ನೆ ಅಲ್ಲ, ನನ್ನದು. ನಮ್ಮ ತಾಯಿಗೂ ಹೀಗೇ ಕಾಲಲ್ಲಿ ಜೋಮು. ನಿಮ್ಮ ತಂಗಿಗೆ ದಿನಕ್ಕೆ ಎಷ್ಟು ಕೊಡ್ತೀರಿ?" ಎಂದು ಪೆನ್ನಿನ ಮುಚ್ಚಳ ತೆಗೆದರು.

ಇದಕ್ಕೆ ಅಂಗಡಿಯ ಮೇಲಿನ ಕೋಣೆಯಲ್ಲಿ ಯಾರೂ ಉತ್ತರ ಕಲಿಸಿರಲಿಲ್ಲ. ಅಕ್ಕ ಆ ಪೆನ್ನಿನ ತುದಿಯನ್ನೇ ನೋಡಿದಳು. ಅದು ಕಾಗದದ ಮೇಲೆ ಕಾಯುತ್ತಿತ್ತು.

"ಕೊಡಬೇಡಿ," ಎಂದಳು.

"ಏನಂದ್ರಿ?"

"ನಿಮ್ಮ ತಾಯಿಗೆ ಕೊಡಬೇಡಿ ಅಮ್ಮಾ. ಡಾಕ್ಟರಿಗೆ ತೋರಿಸಿ." ಮೈಕು ಅವಳ ಉಸಿರನ್ನೂ ಕೋಣೆಗೆಲ್ಲ ಕೇಳಿಸಿತು. "ನನ್ನ ತಂಗಿ ಮೆಟ್ಟಿಲು ಹತ್ತಲ್ಲ. ಹತ್ತುತ್ತಿದ್ಲು. ಈಗ ನಾನೇ ಹತ್ತಿಸ್ತೀನಿ. ಮೂರು ಕೊಟ್ಟೆ. ಅದರಿಂದಾನೇ ಅಂತೆ. ನಿನ್ನೆ ಗೊತ್ತಾಯ್ತು."

ಚೂಪು ಮಾಡುತ್ತಿದ್ದವರ ಪೆನ್ಸಿಲ್ ನಿಂತಿತು.

"ಆದರೆ ಅದು ಬೇಕಾದ ಮಕ್ಕಳಿದಾರೆ. ಅದಿಲ್ಲದೆ ಅವರಿಗೆ..." ದೀಪ ಕೆಂಪಾಯಿತು. "ನಮ್ಮ ಮೇಷ್ಟ್ರ ಮೊಮ್ಮಗಳು..." ಎಂದಳು. ಮೈಕು ಆರಿಹೋಗಿತ್ತು. ಅವಳ ಬಾಯಿ ಆಡಿದ್ದು ಮಾತ್ರ ಕಂಡಿತು.

"ಮುಂದಿನವರು," ಎಂದರು ಅಧ್ಯಕ್ಷರು.

ಮುಂದಿನವರು ಮೇಷ್ಟ್ರೇ. ಅವರು ನಿಂತು, ಗಂಟಲು ಸರಿಮಾಡಿಕೊಂಡು, ತಮ್ಮ ಮಾತನ್ನು ಹೇಳಿದರು. ಒಂದು ಅಕ್ಷರ ಜಾರಲಿಲ್ಲ. ಮೊಮ್ಮಗಳಿಗೆ ಮೊದಲ ಸಲ ಫಿಟ್ಸ್ ಬಂದ ರಾತ್ರಿ, ಗುಳಿಗೆ ಒಳಹೋದ ಮೇಲೆ ಅವಳು ಮಲಗಿದ ರೀತಿ, ಎಲ್ಲವೂ ಅದರದರ ಜಾಗದಲ್ಲಿ ಬಂತು. ಆದರೆ ಸಮಿತಿಯವರು ತಲೆ ಬಗ್ಗಿಸಿದ್ದರು. ಅಕ್ಕ ಹೇಳಿದ್ದನ್ನು ಇನ್ನೂ ಬರೆದುಕೊಳ್ಳುತ್ತಿದ್ದರು. ತುದಿಯಲ್ಲಿದ್ದ ಸದಸ್ಯೆ ಪೆನ್ನು ಮುಚ್ಚಿಟ್ಟು ಕಿಟಕಿಯ ಕಡೆ ನೋಡುತ್ತಿದ್ದರು. ಮೇಷ್ಟ್ರು ದೀಪ ಕೆಂಪಾಗುವ ಮೊದಲೇ ಮುಗಿಸಿ, ಬಗ್ಗಿದ ಆ ತಲೆಗಳಿಗೆ ಕೈಮುಗಿದು ಕೂತರು.

ವಾಪಸು ಬಸ್ಸಿನಲ್ಲಿ ಅಂಗಡಿಯವನು ಎಲ್ಲರಿಗಿಂತ ಹಿಂದಿನ ಸೀಟಿನಲ್ಲಿ, ಮುಖ ಗಾಜಿಗೆ ಒತ್ತಿ ಕೂತಿದ್ದ. ಮೇಷ್ಟ್ರು ಅಕ್ಕನ ಪಕ್ಕದಲ್ಲೇ ಕೂತರು. ಅವರು ಇಳಿಯುವ ನಿಲ್ದಾಣ ಬಂದಾಗ ಎದ್ದು, ಕಂಬಿ ಹಿಡಿದು, ಅವಳ ಕಡೆ ತಿರುಗದೆ ಹೇಳಿದರು:

"ಉಸಿರು ಸರಿಯಾದ ಕಡೆ ತಗೊಂಡೆ ಕಣಮ್ಮ."

ಬಸ್ಸು ಹೊರಟ ಮೇಲೆ ಕಾಣಿಸಿತು: ಅವರು ರಸ್ತೆ ದಾಟದೆ, ನಿಲ್ದಾಣದ ಕಂಬಕ್ಕೆ ಒಂದು ಕೈ ಕೊಟ್ಟು, ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತ ನಿಂತಿದ್ದರು.

ಮನೆಯಲ್ಲಿ ತಂಗಿ ಮಂಚದ ತುದಿಗೆ ಕೂತು ಕಾಲು ಇಳಿಬಿಟ್ಟಿದ್ದಳು. ಪಕ್ಕದ ಫೋನಿನಲ್ಲಿ ಸಮಿತಿಯ ನೇರಪ್ರಸಾರ ಮುಗಿದು, ಖಾಲಿ ಮೇಜು ಮಾತ್ರ ಕಾಣುತ್ತಿತ್ತು.

"ಮೇಷ್ಟ್ರು ಚೆನ್ನಾಗಿ ಹೇಳಿದ್ರು," ಎಂದಳು.

"ಹ್ಞೂಂ."

"ಯಾರೂ ಕೇಳ್ಲಿಲ್ಲ ಅಲ್ವಾ?"

ಅಕ್ಕ ಚೀಲವನ್ನು ಮೊಳೆಗೆ ತಗುಲಿಸಿದಳು. ಕಪಾಟಿನಲ್ಲಿ ಹಳದಿ ಗುಳಿಗೆಯ ಎರಡು ಡಬ್ಬಿಗಳು ಉಳಿದಿದ್ದವು, ಒಂದರ ಮೊಹರು ಇನ್ನೂ ಒಡೆದಿರಲಿಲ್ಲ. ಅದನ್ನು ಕೈಗೆತ್ತಿಕೊಂಡಳು. ಬಳಿಕ ಬಟ್ಟೆಯ ಚೂರೊಂದರಲ್ಲಿ ಸುತ್ತಿ, ನಾಳೆ ಹೊರಡುವಾಗ ಕಣ್ಣಿಗೆ ಬೀಳಲೆಂದು ಬಾಗಿಲ ಬಳಿ, ಚಪ್ಪಲಿಯ ಪಕ್ಕದಲ್ಲಿಟ್ಟಳು.

"ಮೇಷ್ಟ್ರ ಮನೆಗಾ?" ಎಂದಳು ತಂಗಿ.

"ಹ್ಞೂಂ."

"ಬಾಗಿಲು ತೆಗೀತಾರೆ. ಸಿಟ್ಟು ಇಟ್ಕೊಳ್ಳೋರಲ್ಲ."

ಅಕ್ಕ ನೆಲದ ಮೇಲೆ ಕೂತು ತಂಗಿಯ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೀಲಿನಿಂದ ನಾಲ್ಕು ಬೆರಳು ಮೇಲೆ ಮೊನ್ನೆಯ ನೀಲಿ ಗೆರೆ ಅಳಿಸದೆ ಉಳಿದಿತ್ತು. ಸೀಮೆಸುಣ್ಣ ಜೇಬಿನಲ್ಲೇ ಇತ್ತು.

"ಕಣ್ಣು ಮುಚ್ಚು."

"ಮುಚ್ಚಿದೀನಿ ಮಹಾರಾಯ್ತಿ. ಕದ್ದು ನೋಡೋಕೆ ಇದೇನು ಪರೀಕ್ಷೇನಾ?"

ಅಕ್ಕ ಹೆಬ್ಬೆರಳಿನಿಂದ ಶುರುಮಾಡಿದಳು. ಪಾದದ ಬೆನ್ನು ದಾಟಿತು. ಕೀಲು ದಾಟಿತು. ತಂಗಿ ಇನ್ನೂ "ಹ್ಞಾಂ" ಅಂದಿರಲಿಲ್ಲ. ಹಳೆಯ ಗೆರೆ ಹತ್ತಿರವಾಗುತ್ತಿದ್ದ ಹಾಗೆ ಅಕ್ಕನ ಕೈ ನಿಧಾನವಾಯಿತು, ಇನ್ನೂ ನಿಧಾನವಾಯಿತು. ಗೆರೆಗೆ ಒಂದು ಕೂದಲೆಳೆಯಷ್ಟು ಕೆಳಗೆ ಸುಣ್ಣದ ತುದಿ ಚರ್ಮದ ಮೇಲೆ ನಿಂತಿತು. ತಂಗಿ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು.